ಮಾಲ್ಡೀವ್ಸ್‌ನವರು ಇನ್ನೂ ಗಾಳ ಬಿಟ್ಟಿಲ್ಲ ಯಾಕೆ?

ಕುಂದಾಪುರದ ಓದುಗರೊಬ್ಬರು ಮಾಲ್ಡೀವ್ಸ್ ನೋಡಿಕೊಂಡು ಬಂದು ಬರೆದಿದ್ದಾರೆ: "ಮೂರು ಹೊತ್ತೂ ಟ್ಯೂನಾ. ಸುತ್ತ ಅಷ್ಟು ಸಮುದ್ರ ಇದ್ದರೂ ಬೇರೆ ಮೀನೇ ಇಲ್ಲವೇ? ಇನ್ನೂ ಗಾಳ ಹಾಕುತ್ತಾರಲ್ಲ, ನಮ್ಮ ಮಲ್ಪೆಯವರನ್ನು ನೋಡಿ ಕಲಿಯಬಾರದೇ?"

ಸಂಪಾದಕರ ಉತ್ತರ:

ಬೇರೆ ಮೀನು ಧಾರಾಳ ಇದೆ. ಹವಳದ ದಿಬ್ಬಗಳ ಮೀನು ಹಿಡಿಯುತ್ತಾರೆ, ರೆಸಾರ್ಟುಗಳಿಗೆ ಜಾಸ್ತಿ ಹೋಗುವುದು ಅದೇ. ಆದರೆ ದೇಶದ ಹೊಟ್ಟೆ ತುಂಬಿಸುವುದು ಟ್ಯೂನಾ, ನಮ್ಮ ಕರಾವಳಿಯಲ್ಲಿ ಕೇದರ ಅಂತಾರಲ್ಲ, ಆ ಜಾತಿ. ಅದರಲ್ಲೂ ಸ್ಕಿಪ್‌ಜಾಕ್ ಎಂಬ ಸಣ್ಣ ಟ್ಯೂನಾದ್ದೇ ದೊಡ್ಡ ಪಾಲು. ಅದರ ನಂತರ ಯೆಲ್ಲೋಫಿನ್. ನೀವು ಬೆಳಗ್ಗೆ ತಿಂದ ಮಸ್‌ಹುನಿ, ಅಂದರೆ ತೆಂಗಿನ ತುರಿ, ಈರುಳ್ಳಿ, ಮೆಣಸು, ನಿಂಬೆಹುಳಿ ಸೇರಿಸಿ ಕಲಸಿದ್ದು, ಅದೂ ಟ್ಯೂನಾದ್ದೇ. ಬೇಯಿಸಿ, ಹೊಗೆ ಹಾಕಿ, ಕಲ್ಲಿನಂತೆ ಒಣಗಿಸಿದ ಮೀನನ್ನು ಆ ಜನ ನೂರಾರು ವರ್ಷಗಳಿಂದ ಹೊರಗೆ ಮಾರುತ್ತಿದ್ದಾರೆ. 14ನೇ ಶತಮಾನದಲ್ಲಿ ಅಲ್ಲಿ ಖಾಜಿ, ಅಂದರೆ ನ್ಯಾಯಾಧೀಶ, ಆಗಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಅದು ಭಾರತಕ್ಕೆ, ಚೀನಾಕ್ಕೆ, ಯೆಮನ್‌ಗೆ ಹೋಗುತ್ತಿತ್ತು ಎಂದು ಬರೆದಿದ್ದಾನೆ.

ಇನ್ನು ಗಾಳದ ಮಾತು. ಅದನ್ನು ಹಿಂದುಳಿದಿರುವಿಕೆ ಅಂದುಕೊಳ್ಳಬೇಡಿ, ದಯವಿಟ್ಟು. ಅಲ್ಲಿನ ದೋಣಿಗಳಿಗೆ 1974ರಿಂದಲೇ ಎಂಜಿನ್ ಬಂದಿದೆ, ಇವತ್ತಿನವು ದೊಡ್ಡ ಬೋಟುಗಳೇ. ಮೊದಲು ಹವಳದ ದಿಬ್ಬದ ಹತ್ತಿರ ಸಣ್ಣ ಮೀನು ಹಿಡಿದು, ನೀರು ಹರಿದಾಡುವ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಳ್ಳುತ್ತಾರೆ. ಟ್ಯೂನಾ ಹಿಂಡು ಕಂಡ ಕೂಡಲೇ ಅವನ್ನು ಎರಚಿ, ಬೋಟಿನ ಹಿಂಬದಿಯಿಂದ ನೀರು ಚಿಮ್ಮಿಸುತ್ತಾರೆ. ಹಿಂಡು ಮೇಲೆದ್ದು ಮುಗಿಬೀಳುತ್ತದೆ. ಸಾಲಾಗಿ ನಿಂತವರು ಉದ್ದ ಕೋಲಿನಿಂದ ಒಂದೊಂದೇ ಮೀನನ್ನು ಎತ್ತಿ ತಮ್ಮ ಹಿಂದೆ ಬೋಟಿನೊಳಕ್ಕೆ ಎಸೆಯುತ್ತಾರೆ. ಕೊಕ್ಕೆಗೆ ಹಿಮ್ಮುಳ್ಳು ಇರುವುದಿಲ್ಲ, ಹಾಗಾಗಿ ಮೀನು ತಾನಾಗಿಯೇ ಕಳಚಿ ಬೀಳುತ್ತದೆ, ಗಾಳ ತಕ್ಷಣ ಮತ್ತೆ ನೀರಿಗೆ. ನಮ್ಮ ಹತ್ತಿರದ, ಲಕ್ಷದ್ವೀಪದ ಮಿನಿಕಾಯ್‌ನವರದ್ದೂ ಇದೇ ಪದ್ಧತಿ. ಆಮೆ, ಡಾಲ್ಫಿನ್ ಬಲೆಗೆ ಸಿಕ್ಕಿ ಸಾಯುವ ಮಾತೇ ಇಲ್ಲ, ಯಾಕೆಂದರೆ ಟ್ಯೂನಾಕ್ಕೆ ಬಲೆಯೇ ಇಲ್ಲ. ನೀರಿನಲ್ಲಿ ಎಳೆದೊಯ್ಯುವ ಟ್ರಾಲ್ ಬಲೆ, ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ, ಎರಡೂ ಅಲ್ಲಿ ನಿಷಿದ್ಧ. 2010ರಲ್ಲಿ ಶಾರ್ಕ್ ಹಿಡಿಯುವುದನ್ನೂ ನಿಷೇಧಿಸಿದರು.

ಎಲ್ಲವೂ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಎರೆಗೆ ಬೇಕಾದ ಸಣ್ಣ ಮೀನನ್ನು ಈಗ ರಾತ್ರಿ ಪ್ರಖರ ದೀಪ ಹಾಕಿ ಹಿಡಿಯುತ್ತಾರೆ, ಅದರ ಭಾರ ಬೀಳುವುದು ಹವಳದ ದಿಬ್ಬಗಳ ಮೇಲೆ.

ನನಗೆ ನಿಜಕ್ಕೂ ಸಂಕಟವಾಗುವುದು ಬೇರೆ ವಿಷಯಕ್ಕೆ. ಟ್ಯೂನಾ ಒಂದು ಕಡೆ ನಿಲ್ಲುವ ಮೀನಲ್ಲ, ಇಡೀ ಹಿಂದೂ ಮಹಾಸಾಗರ ಸುತ್ತುತ್ತದೆ. ಇವರು ಒಂದೊಂದಾಗಿ ಎತ್ತುವ ಅದೇ ಮೀನನ್ನು ಆಚೆಯ ನೀರಿನಲ್ಲಿ ಯುರೋಪಿನ ಪರ್ಸೀನ್ ಹಡಗುಗಳು ಹಿಂಡುಗಟ್ಟಲೆ ಬಾಚುತ್ತವೆ, ತೇಲುವ ತೆಪ್ಪ ಬಿಟ್ಟು ಅದರ ನೆರಳಿಗೆ ಬಂದ ಮರಿ ಯೆಲ್ಲೋಫಿನ್ ಸಮೇತ. ಮಾಲ್ಡೀವ್ಸ್‌ನ ಸ್ಕಿಪ್‌ಜಾಕ್‌ಗೆ 2012ರಲ್ಲಿ ಎಂಎಸ್‌ಸಿ ಪ್ರಮಾಣಪತ್ರ, ಅಂದರೆ ಸಮುದ್ರ ಬರಿದಾಗದಂತೆ ಹಿಡಿದ ಮೀನು ಎಂಬ ಮುದ್ರೆ, ಬಂತು, ಒಳ್ಳೇದು. ಆದರೆ ದೇಶ ಕಡುಬಡತನದ ಪಟ್ಟಿಯಿಂದ ಹೊರಬಂದಿತ್ತಲ್ಲ, ಅದಕ್ಕೆ 2014ರಲ್ಲಿ ಯುರೋಪಿನ ಸುಂಕದ ರಿಯಾಯಿತಿ ಹೋಯಿತು. ಆದರೆ ಆ ಪರ್ಸೀನ್ ಹಡಗುಗಳು ಹಿಡಿದು, ಸೆಶೆಲ್ಸ್ ಎಂಬ ದ್ವೀಪದೇಶದಲ್ಲಿ ಡಬ್ಬಿಗೆ ತುಂಬಿದ ಮೀನು ಸುಂಕವಿಲ್ಲದೆ ಯುರೋಪಿಗೆ ಹೋಗುತ್ತದೆ. ಗಾಳದವನಿಗೆ ಸುಂಕ, ಬಲೆಯವನಿಗೆ ರಿಯಾಯಿತಿ. ಇದು ಅನ್ಯಾಯ ಅಲ್ವಾ?

ನಮ್ಮ ಮಲ್ಪೆಯವರು ಗಾಳ ಹಿಡಿಯಲಿ ಅನ್ನುವುದೂ ಸುಮ್ನೆ ಮಾತು. ಬಂಗುಡೆ, ಭೂತಾಯಿಯನ್ನು ಒಂದೊಂದಾಗಿ ಎತ್ತಿ ಬದುಕಲು ಆಗುವುದಿಲ್ಲ, ನಮಗೆ ಬಲೆ ಬೇಕು. ಆದರೆ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್, ಪ್ರಖರ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಎರಡನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆ ಆದೇಶ ನಿಮ್ಮ ಬಂದರಿನಲ್ಲಿ ಹೇಗೆ ನಡೆಯುತ್ತಿದೆ ಅಂತ ಮುಂದಿನ ಪತ್ರದಲ್ಲಿ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇವೆ.