ತರಗು ಬೆಂಕಿ ಕಾಡ್ಗಿಚ್ಚಲ್ಲ, ಮೇಷ್ಟ್ರೇ

ದಾವಣಗೆರೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಬಂದ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಅಜ್ಜಿಯ ಮಾತುಗಳು ಚೆನ್ನಾಗಿದ್ದವು. ಆದರೆ ಭಾಷೆಯಲ್ಲಿ ತಪ್ಪೋ ತಪ್ಪು. ತಿದ್ದುವುದು ಸಂಪಾದಕರ ಕೆಲಸವಲ್ಲವೇ? ಈ ಮುಗ್ಧ ಕಾಡುಜನರ ಸಂಸ್ಕೃತಿ ಅಳಿಯುವ ಮುನ್ನ ಅದನ್ನು ಶುದ್ಧ ಕನ್ನಡದಲ್ಲಿ ದಾಖಲಿಸಿ."

ಮೇಷ್ಟ್ರೇ, ನಮಸ್ಕಾರ. ಎರಡು ಹಾಳೆ ತುಂಬ ಕೈಬರಹದಲ್ಲಿ ಬರೆದಿದ್ದೀರಿ. ಇಷ್ಟು ಗಮನ ಇಟ್ಟು ಓದುವವರು ಇದ್ದಾರೆ ಅನ್ನೋದೇ ನಮಗೆ ಬಲ. ನಿಮ್ಮ ದೂರಿನಲ್ಲಿ ನಿಜವೂ ಇದೆ. ನಾಲ್ಕಾರು ಪದಗಳಿಗೆ ಅರ್ಥ ಕೊಡಬೇಕಿತ್ತು, ಕೊಡಲಿಲ್ಲ. ಎರಡು ಕಡೆ ಅಚ್ಚಿನ ತಪ್ಪು ಉಳಿದದ್ದು ನಮ್ಮದೇ ಅಜಾಗರೂಕತೆ.

ಉಳಿದದ್ದನ್ನು ಮಾತ್ರ ಒಪ್ಪಲಾರೆ. ಯಾಕೆ ಅಂತ ಹೇಳ್ತೀನಿ.

ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನಾನು ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕ. ಸೋಲಿಗ ಹಿರಿಯರೊಬ್ಬರ ಮಾತು ಕೇಳಿ ಬರೆದ ಲೇಖನ ನನ್ನ ಮೇಜಿಗೆ ಬಂತು. ಅದರಲ್ಲಿ "ತರಗು ಬೆಂಕಿ" ಅಂತಿತ್ತು. ಓದುಗರಿಗೆ ತಿಳಿಯಲಿ ಅಂತ ನಾನು ಅದನ್ನು "ಕಾಡ್ಗಿಚ್ಚು" ಮಾಡಿದೆ. ತಲೆಬರಹದಲ್ಲೂ ಅದೇ ಬಂತು. ವಾರ ಕಳೆದ ಮೇಲೆ ಆ ಹಿರಿಯರ ಮಗ ಬಸ್ಸು ಹತ್ತಿ ಕಚೇರಿಗೆ ಬಂದರು. ಜಗಳ ಆಡಲಿಲ್ಲ. ಪತ್ರಿಕೆ ಬಿಡಿಸಿ ಆ ಪದದ ಮೇಲೆ ಬೆರಳಿಟ್ಟು, "ಸಾರ್, ನಮ್ಮಪ್ಪ ಇದನ್ನ ಹೇಳಿಲ್ಲ" ಅಂದರು.

ತರಗು ಬೆಂಕಿ ಅಂದರೆ ಚಳಿ ಮುಗಿಯುವ ಹೊತ್ತಿಗೆ, ಬಿಸಿಲು ಬಲಿಯುವ ಮೊದಲು, ಉದುರಿದ ಎಲೆಗೆ ಹಾಕುವ ಸಣ್ಣ ಬೆಂಕಿ. ನೆಲದ ಮೇಲೇ ಹರಿದು ಹೋಗುತ್ತದೆ. ಮರ ಸುಡುವುದಿಲ್ಲ. ಲಂಟಾನ ಕಳೆಯ ಎಳೆ ಸಸಿ ಸಾಯುತ್ತದೆ, ಹುಲ್ಲು ಹೊಸದಾಗಿ ಚಿಗುರುತ್ತದೆ. ನೆಲ್ಲಿ ಮರಕ್ಕೆ ಅಂಟಿಕೊಂಡು ಅದನ್ನು ಹೀರುವ ಉಪ್ಪಿಲು, ನಾವು ಬದನಿಕೆ ಅಂತೀವಲ್ಲ ಆ ಜಾತಿಯದು, ಅದೂ ಹತೋಟಿಯಲ್ಲಿರುತ್ತದೆ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಬೆಂಕಿ ನಿಂತಿತು. ಆಮೇಲೆ ಲಂಟಾನ ಕಾಡು ತುಂಬಿತು, ಉಪ್ಪಿಲೂ ಜಾಸ್ತಿಯಾಯಿತು ಅಂತ ಸೋಲಿಗರು ಹೇಳುತ್ತಲೇ ಬಂದರು. ವಿಜ್ಞಾನಿಗಳು ಅವರನ್ನೇ ಕೇಳಿ ಅದನ್ನು ಪ್ರಬಂಧಗಳಲ್ಲಿ ಬರೆದದ್ದು ಎಷ್ಟೋ ವರ್ಷಗಳ ನಂತರ.

ಈಗ ನೋಡಿ. ಕಾಡು ನೋಡಿಕೊಳ್ಳುವ ಒಬ್ಬ ಮನುಷ್ಯನನ್ನು ನಾನು ಒಂದೇ ಪದದಲ್ಲಿ ಕಾಡು ಸುಡುವವನನ್ನಾಗಿ ಮಾಡಿದ್ದೆ. ವ್ಯಾಕರಣ ಸರಿಯಾಗೇ ಇತ್ತು. ಆ ದಿನದಿಂದ ಹೇಳಿದವರಿಗೆ ಓದಿ ತೋರಿಸದೆ ಅವರ ಒಂದು ಪದವನ್ನೂ ನಾನು ಬದಲಿಸಿಲ್ಲ.

ಇದು ನನ್ನೊಬ್ಬನ ಹಟವಲ್ಲ. ಕೆನಡಾದಲ್ಲಿರುವ ಕ್ರೀ ಎಂಬ ಮೂಲನಿವಾಸಿ ಜನಾಂಗದ ಸಂಪಾದಕ ಗ್ರೆಗರಿ ಯಂಗಿಂಗ್ ಇದಕ್ಕಾಗಿಯೇ 2018ರಲ್ಲಿ ಒಂದು ಕೈಪಿಡಿ ತಂದರು. 22 ನಿಯಮಗಳಿವೆ. ಮೂಲನಿವಾಸಿಗಳು ಇಂದಿಗೂ ಮಾಡುವುದನ್ನು "ಮಾಡುತ್ತಿದ್ದರು" ಅಂತ ಬರೆಯಬೇಡಿ ಅಂತಾರೆ. "ಕೆನಡಾದ ಮೂಲನಿವಾಸಿಗಳು" ಅಂತ ದೇಶದ ಸ್ವತ್ತಿನ ಹಾಗೆ ಹೇಳಬೇಡಿ ಅಂತಾರೆ. ಓದುವಾಗ ನನಗೆ ನಮ್ಮ ಭಾಷಣಗಳ "ನಮ್ಮ ಆದಿವಾಸಿಗಳು" ನೆನಪಾಗುತ್ತಿತ್ತು. ಪುಸ್ತಕ ಬಂದ ಮರುವರ್ಷವೇ ಯಂಗಿಂಗ್ ತೀರಿಕೊಂಡರು.

ನೀವು "ಅಳಿಯುವ ಮುನ್ನ" ಅಂದಿರಿ. ಯಾರು ಅಳಿಯುತ್ತಿದ್ದಾರೆ ಮೇಷ್ಟ್ರೇ? 2011ರಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರು ಆ ಕಾಡಿನ ಮೇಲೆ ಸಮುದಾಯ ಹಕ್ಕು ಪಡೆದರು. ತಮ್ಮ ಎಲ್ಲೆಗಳನ್ನು ತಾವೇ ಗುರುತಿಸಿ ನಕ್ಷೆ ಮಾಡಿಸಿದ್ದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಒಂದೊಂದು ಬಗೆಯ ಪವಿತ್ರ ಜಾಗಕ್ಕೂ ಅವರದೇ ಹೆಸರು. ನಮ್ಮಂಥವರು ಯಾರಾದರೂ ಅಬ್ಬಿಯನ್ನು "ಜಲಪಾತ", ಕಲ್ಲುಗುಡಿಯನ್ನು "ದೇವಸ್ಥಾನ" ಅಂತ ತಿದ್ದಿದ್ದರೆ ಆ ನಕ್ಷೆ ಯಾವ ಕೆಲಸಕ್ಕೆ ಬರುತ್ತಿತ್ತು? ಅಬ್ಬಿ ಅಂದರೆ ಅವರಿಗೆ ನೀರಿನ ಸೆಲೆ. ಕಲ್ಲುಗುಡಿ ಅಂದರೆ ಸತ್ತವರಿಗೆ ಕಲ್ಲು ನೆಡುವ ಜಾಗ. ಇನ್ನು "ಮುಗ್ಧ" ಅನ್ನೋ ಮಾತು. ಆ ಸಮುದಾಯದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದವರು, ಹಕ್ಕಿನ ಹೋರಾಟದಲ್ಲಿ ಮುಂದೆ ನಿಂತವರು. ಪ್ರೀತಿಯಿಂದಲೇ ಬರೆದಿದ್ದೀರಿ, ಗೊತ್ತು. ಆದರೂ ಆ ಪದ ಬೇಡ.

ನನ್ನ ನಿಜವಾದ ಸಂಕಟ ಬೇರೆ ಇದೆ. ನಮ್ಮ ಜಾನಪದದ ಪುಸ್ತಕಗಳ ಕಪಾಟನ್ನೊಮ್ಮೆ ನೋಡಿ. ರಾತ್ರಿಯಿಡೀ ಕೂತು ಹಾಡಿದವಳು ಅಜ್ಜಿ. ಎಷ್ಟೋ ಪುಸ್ತಕದ ಮುಖಪುಟದಲ್ಲಿ ಇರುವುದು ಟೇಪ್ ರೆಕಾರ್ಡರ್ ಹಿಡಿದವರ ಹೆಸರು. ಅಜ್ಜಿ ಕೊನೆಯ ಪುಟದ ಅನುಬಂಧದಲ್ಲಿ, ಊರು ಮತ್ತು ವಯಸ್ಸಿನ ಜೊತೆ. ಕೆಲವು ಕಡೆ "ಒಬ್ಬ ವೃದ್ಧೆ" ಅಷ್ಟೇ. ಬಡ್ತಿ, ಪ್ರಶಸ್ತಿ, ಗೌರವಧನ ಎಲ್ಲ ಯಾರಿಗೆ ಹೋಯಿತು? ಪಠ್ಯಪುಸ್ತಕಕ್ಕೆ ಆ ಹಾಡು ಸೇರುವಾಗ ಅವಳನ್ನು ಯಾರಾದರೂ ಕೇಳಿದರಾ? ಧಾರವಾಡದ ಮಾತು, ಕುಂದಾಪುರದ ಮಾತು ಅಚ್ಚಾದರೆ "ಎಂಥಾ ಸೊಗಡು" ಅಂತೀವಿ. ಸೋಲಿಗರ ಹಾಡಿ, ಅಂದರೆ ಪೋಡಿನ ಮಾತು ಅಚ್ಚಾದರೆ ಮಾತ್ರ ಕೆಂಪು ಪೆನ್ನು ಹುಡುಕುತ್ತೀವಿ. ಇದು ಸರಿಯಲ್ಲ ಅಲ್ವಾ?

ನೀವು ತಪ್ಪು ಅಂತ ಗೆರೆ ಎಳೆದು ಕಳಿಸಿದ ಸಾಲುಗಳನ್ನು ಅಜ್ಜಿಯ ಮೊಮ್ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಒಂದು ಕಡೆ ನಾವೇ ತಪ್ಪು ಕೇಳಿಸಿಕೊಂಡಿದ್ದೆವು, ಅದನ್ನು ಸರಿ ಮಾಡಿದ್ದೇವೆ. ಉಳಿದವು ಹಾಗೇ ಇರಲಿ ಅಂದಿದ್ದಾರೆ ಅಜ್ಜಿ. ಎರಡನೇ ಭಾಗ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಮೇಲೆ ಅಜ್ಜಿಯ ಹೆಸರು, ಪುಟದ ಕೆಳಗೆ ಮೊಮ್ಮಗಳು ಬರೆದುಕೊಟ್ಟ ಅರ್ಥಗಳು. ಈ ಸಲ ಪೆನ್ನು ಪಕ್ಕಕ್ಕಿಟ್ಟು, ಮನೆಯವರಿಗೆ ಕೇಳುವಂತೆ ಒಮ್ಮೆ ಗಟ್ಟಿಯಾಗಿ ಓದಿ. ಆಮೇಲೆ ಮತ್ತೆ ಬರೆಯಿರಿ, ಕಾಯ್ತಿರ್ತೀನಿ.