ಟೆಸ್ಟಿಂಗ್ (ಪ್ರಯೋಗದ) ಡೇಟಾಬೇಸ್‌ನ ಟೇಬಲ್ ಬದಲಾವಣೆಗಳನ್ನು ಪ್ರೊಡಕ್ಷನ್‌ಗೆ, ಅಂದ್ರೆ ನಿಜವಾದ ಕೆಲಸ ನಡೆಯುವ ಡೇಟಾಬೇಸ್‌ಗೆ, ಒಯ್ಯಲು ಯಾವ ಕಂಪೇರ್ ಟೂಲ್ ಒಳ್ಳೆಯದು?

ಯಾವುದೂ ಬೇಡ. ಎರಡೂ ಡೇಟಾಬೇಸ್ ಹೋಲಿಸಿ, ಟೂಲ್ ಬರೆದುಕೊಟ್ಟ ಸ್ಕ್ರಿಪ್ಟನ್ನು ಪ್ರೊಡಕ್ಷನ್‌ನಲ್ಲಿ ಓಡಿಸೋದನ್ನೇ ನಾನೂ ಮಾಡುತ್ತಿದ್ದೆ.

ಗೋಣಿಕೊಪ್ಪದಲ್ಲಿ ಕಾಫಿ ಖರೀದಿ ಮಾಡುವವರೊಬ್ಬರ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಬೆಳೆಗಾರರು ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ತಂದಾಗ ಸ್ಯಾಂಪಲ್ ತೆಗೆದು ಔಟ್‌ಟರ್ನ್ ನೋಡುತ್ತಾರೆ. 50 ಕಿಲೋ ಚೆರಿಯಲ್ಲಿ ಎಷ್ಟು ಕಿಲೋ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಸಿಗುತ್ತದೆ ಅನ್ನೋ ಲೆಕ್ಕ ಅದು. ಬೆಳೆಗಾರರಿಗೆ ಸಿಗುವ ದುಡ್ಡು ಅದರ ಮೇಲೆ. ನಮ್ಮ ಟೇಬಲ್‌ನಲ್ಲಿ ಆ ಕಾಲಂ ಹೆಸರು 'ಓಟಿ' ಅಂತಿತ್ತು. ಟೆಸ್ಟಿಂಗ್‌ನಲ್ಲಿ ಅದನ್ನು 'ಔಟ್‌ಟರ್ನ್' ಅಂತ ಬದಲಾಯಿಸಿದೆ. ಅಷ್ಟೇ.

ಆಮೇಲೆ ಕಂಪೇರ್ ಟೂಲ್ ಓಡಿಸಿದೆ. ಇದು ಬರೀ ಹೆಸರಿನ ಬದಲಾವಣೆ ಅಂತ ಟೂಲ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೆ ಕಾಣೋದು ಎರಡು ಟೇಬಲ್‌ಗಳ ಈಗಿನ ರೂಪ ಮಾತ್ರ. ಪ್ರೊಡಕ್ಷನ್‌ನಲ್ಲಿ 'ಓಟಿ' ಇದೆ, ಟೆಸ್ಟಿಂಗ್‌ನಲ್ಲಿ ಇಲ್ಲ: ಡ್ರಾಪ್ ಕಾಲಂ (ಕಾಲಂ ಅಳಿಸು). ಟೆಸ್ಟಿಂಗ್‌ನಲ್ಲಿ 'ಔಟ್‌ಟರ್ನ್' ಇದೆ, ಪ್ರೊಡಕ್ಷನ್‌ನಲ್ಲಿ ಇಲ್ಲ: ಆಡ್ ಕಾಲಂ (ಹೊಸ ಕಾಲಂ ಸೇರಿಸು). ಒಂದು ಎರರ್ ಕೂಡ ಬರಲಿಲ್ಲ. ಹೊಸ ಕಾಲಂ ಬಂತು, ಪ್ರತಿ ಸಾಲಲ್ಲೂ ನಲ್, ಅಂದ್ರೆ ಖಾಲಿ. ಟೆಸ್ಟಿಂಗ್‌ನಲ್ಲಿ ಇದು ಯಾಕೆ ಸಿಕ್ಕಿಬೀಳಲಿಲ್ಲ? ಅಲ್ಲಿ ಹೆಸರನ್ನು ನಾನೇ ಕೈಯಾರೆ ಬದಲಾಯಿಸಿದ್ದೆ. ಟೂಲ್‌ನ ಸ್ಕ್ರಿಪ್ಟ್ ಮೊದಲ ಸಲ ಓಡಿದ್ದೇ ಪ್ರೊಡಕ್ಷನ್‌ನಲ್ಲಿ! ಅಂದ್ರೆ ನಾವು ಟೆಸ್ಟ್ ಮಾಡಿದ್ದು ಒಂದು, ಓಡಿಸಿದ್ದು ಇನ್ನೊಂದು.

ಮಾಡಿದ್ದನ್ನು ವಾಪಸ್ ತೆಗೆಯಲು ರೋಲ್‌ಬ್ಯಾಕ್ ಕೊಟ್ಟೆ, ಏನೂ ಆಗಲಿಲ್ಲ. ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್. ಅದರಲ್ಲಿ ಆಲ್ಟರ್ ಟೇಬಲ್ (ಟೇಬಲ್‌ನ ರೂಪ ಬದಲಿಸುವ ಆದೇಶ) ತಾನಾಗಿಯೇ ಕಮಿಟ್, ಅಂದ್ರೆ ಖಾಯಂ, ಆಗಿಬಿಡುತ್ತದೆ. (ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಾದರೆ ಟ್ರಾನ್ಸಾಕ್ಷನ್ ಒಳಗಿಟ್ಟು ವಾಪಸ್ ತೆಗೆಯಬಹುದು.) ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಹಳೆಯದೆಲ್ಲ ಸಿಕ್ಕಿತು. ಆ ದಿನದ್ದನ್ನು ಗೋಡೌನ್ ರೈಟರ್ ಚೀಟಿ ನೋಡಿ ಒಂದೊಂದಾಗಿ ಓದಿದರು, ನಾನು ಟೈಪ್ ಮಾಡಿದೆ. ರೊಬಸ್ಟಾ ಕೊಯ್ಲಿನ ಸಮಯ. ಹೊರಗೆ ಪಿಕಪ್‌ಗಳು ಸಾಲಾಗಿ ಕಾಯುತ್ತಿದ್ದವು.

ಹಾಗಾಗಿ ಟೆಸ್ಟಿಂಗ್ ಡೇಟಾಬೇಸನ್ನು ಮೂಲ ಅಂದುಕೊಳ್ಳುವುದೇ ತಪ್ಪು. ಎರಡಕ್ಕೂ ಮೂಲ ಗಿಟ್‌ನಲ್ಲಿರುವ (ಫೈಲ್‌ಗಳ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಫ್ಟ್‌ವೇರ್), ನಂಬರ್ ಹಾಕಿದ ಎಸ್‌ಕ್ಯೂಎಲ್ ಫೈಲ್‌ಗಳಾಗಿರಲಿ. 'ರಿನೇಮ್ ಕಾಲಂ' ಅಂತ ನೀವೇ ಬರೆಯಿರಿ, ಮೈಎಸ್‌ಕ್ಯೂಎಲ್ 8.0ರಿಂದ ಅದು ಇದೆ, ಹಳೆಯದರಲ್ಲಿ 'ಚೇಂಜ್'. ಅದೇ ಫೈಲ್ ಮೊದಲು ಟೆಸ್ಟಿಂಗ್‌ನಲ್ಲಿ ಓಡಲಿ. ಆಮೇಲೆ ಪ್ರೊಡಕ್ಷನ್ ಬ್ಯಾಕಪ್ಪನ್ನು ಬೇರೆ ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿ ಅದರ ಮೇಲೆ. ಕೊನೆಗೆ ಪ್ರೊಡಕ್ಷನ್. ನಡುವೆ ಒಂದಕ್ಷರವೂ ಬದಲಾಗಬಾರದು.

ಈ ಫೈಲ್‌ಗಳನ್ನು ಸಾಲಾಗಿ ಓಡಿಸೋ ಟೂಲ್ ಆಗಿ ಫ್ಲೈವೇ ಅಥವಾ ಲಿಕ್ವಿಬೇಸ್, ಯಾವುದಾದರೂ ಸರಿ. ಯಾವ ಫೈಲ್ ಓಡಿದೆ ಅಂತ ಈ ಎರಡೂ ಟೂಲ್‌ಗಳು ಆಯಾ ಡೇಟಾಬೇಸ್‌ನಲ್ಲೇ ಬರೆದಿಡುತ್ತವೆ. ಫ್ಲೈವೇ ತಗೊಂಡರೆ, ನಿಮ್ಮ ಪ್ರೊಡಕ್ಷನ್ ಈಗಾಗಲೇ ಓಡುತ್ತಿರೋದರಿಂದ ಮೊದಲು ಬೇಸ್‌ಲೈನ್ (ಇಲ್ಲಿಯವರೆಗಿನದು ಆಗಿದೆ ಅನ್ನೋ ಗುರುತು) ಹಾಕಿ. ಕಂಪೇರ್ ಟೂಲ್ ಇದ್ದರೆ ಇರಲಿ, ಕೊನೆಯಲ್ಲಿ ಎರಡೂ ಒಂದೇ ಥರ ಇವೆಯಾ ಅಂತ ನೋಡೋದಕ್ಕೆ ಮಾತ್ರ ಬಳಸಿ.