ರಸ್ತೆ ತುಂಬಿಲ್ಲ, ಆದರೂ ಸಾಗುವುದಿಲ್ಲವೇಕೆ?

ಪ್ರಶ್ನೆ: ನಾನು ಮುಧೋಳದಿಂದ ಜಮಖಂಡಿಗೆ ನಿತ್ಯ ಕಾರಿನಲ್ಲಿ ಹೋಗಿಬರುತ್ತೇನೆ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಜೋಡಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಹಿಂದೆ ತೆವಳುವುದೇ ಆಗುತ್ತದೆ. ಚತುಷ್ಪಥ ಮಾಡಿಸಿರೆಂದು ರಸ್ತೆ ಇಲಾಖೆಯ ಕಚೇರಿಯನ್ನು ಕೇಳಿದ್ದಕ್ಕೆ, ದ್ವಿಪಥದ ಸಾಮರ್ಥ್ಯ ದಿನಕ್ಕೆ 15,000, ಅದರ ಅರ್ಧವೂ ಇಲ್ಲಿ ಓಡುವುದಿಲ್ಲ ಎಂಬ ಉತ್ತರ ಬಂತು. ನಂಬಿಕೆ ಬಾರದೆ ಜನವರಿಯ ಒಂದು ಬೆಳಿಗ್ಗೆ ಚಹಾದಂಗಡಿಯ ಮುಂದೆ ಕುಳಿತು ಎಂಟರಿಂದ ಒಂಬತ್ತರವರೆಗೆ ಎರಡೂ ದಿಕ್ಕಿನ ವಾಹನಗಳನ್ನು ಎಣಿಸಿದೆ: ಬೈಕು 150, ಕಾರು ಮತ್ತು ಆಟೊ 60, ಸಣ್ಣ ಗೂಡ್ಸ್ ಗಾಡಿ 20, ಲಾರಿ ಮತ್ತು ಬಸ್ಸು 30, ಕಬ್ಬಿನ ಟ್ರ್ಯಾಕ್ಟರು 40 (ಒಂದೇ ದಿಕ್ಕಿಗೆ ತುಂಬಿ ಹೊರಟವು 25), ಚಕ್ಕಡಿ 2. ಅವರ ಲೆಕ್ಕ ಸರಿಯೇ?
– ಓದುಗರು, ಮುಧೋಳ

ಉತ್ತರ: ಅವರ ಲೆಕ್ಕ ತಪ್ಪಲ್ಲ, ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ರಸ್ತೆ ಎಷ್ಟು ವಾಹನಗಳನ್ನು ತಾಳಬಲ್ಲದು ಎಂಬುದು ಒಂದು ಮಾತು, ಅದರ ಮೇಲೆ ಹೋಗುವವರ ಪಯಣ ಹೇಗಿರುತ್ತದೆ ಎಂಬುದು ಇನ್ನೊಂದು.

ಮೊದಲು ಸಾಮರ್ಥ್ಯವನ್ನು ನೋಡೋಣ. 15,000 ಎಂಬುದು ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) 1990ರಲ್ಲಿ ಹೊರತಂದ ಐಆರ್‌ಸಿ 64 ಎಂಬ ಕೈಪಿಡಿಯ ಅಂಕಿ. ಬಯಲು ನೆಲದಲ್ಲಿ ತಿರುವು ಕಡಿಮೆ ಇರುವ ದ್ವಿಪಥಕ್ಕೆ ಅದು ಅನ್ವಯಿಸುತ್ತದೆ. ಆದರೆ ಅದು ವಾಹನಗಳ ಸಂಖ್ಯೆಯಲ್ಲ, ಪಿಸಿಯು, ಅಂದರೆ ಎಲ್ಲ ವಾಹನಗಳನ್ನೂ ಕಾರಿನ ಅಳತೆಗೆ ಇಳಿಸಿ ಹೇಳಿದ ಸಂಖ್ಯೆ. ಅದೇ ಕೈಪಿಡಿಯ ಪ್ರಕಾರ ಬೈಕು 0.5, ಕಾರು ಮತ್ತು ಆಟೊ 1, ಸಣ್ಣ ಗೂಡ್ಸ್ ಗಾಡಿ 1.5, ಲಾರಿ ಅಥವಾ ಬಸ್ಸು 3, ಟ್ರೇಲರ್ ಸಹಿತ ಟ್ರ್ಯಾಕ್ಟರು 4.5, ಎತ್ತಿನ ಗಾಡಿ 8. ನೀವು ಎಣಿಸಿದ 302 ವಾಹನಗಳು ಹೀಗೆ 451 ಪಿಸಿಯು ಆಗುತ್ತವೆ. ಅದರಲ್ಲಿ 180 ಕಬ್ಬಿನ ಟ್ರ್ಯಾಕ್ಟರುಗಳದೇ. (ಎರಡು ಚಕ್ಕಡಿಗಳನ್ನು ಬಿಡದೆ ಬರೆದುಕೊಂಡಿದ್ದೀರಿ, ಸರ್ಕಾರಿ ಎಣಿಕೆಗಳಿಗೂ ಆ ಶ್ರದ್ಧೆ ಇರಲಿ.) ದಟ್ಟಣೆಯ ಗಂಟೆಯಲ್ಲಿ ದಿನದ ಸಂಚಾರದ ಶೇ 8ರಿಂದ 10ರಷ್ಟು ಸಾಗುತ್ತದೆಂದು ಹಿಡಿದರೆ ದಿನಕ್ಕೆ ಸುಮಾರು 4,500ರಿಂದ 5,600 ಪಿಸಿಯು. ರಸ್ತೆ ತುಂಬಿಲ್ಲವೆಂಬುದು ನಿಮ್ಮ ಎಣಿಕೆಯಿಂದಲೇ ಸಿದ್ಧವಾಗುತ್ತದೆ. ಸಾಲದ್ದಕ್ಕೆ, 15,000 ಎಂಬುದೂ ರಸ್ತೆ ಕಿಕ್ಕಿರಿಯುವ ಮಿತಿಯಲ್ಲ; ಗರಿಷ್ಠದ ಸುಮಾರು ಅರ್ಧಕ್ಕೇ ನಿಲ್ಲಿಸಿ ಯೋಜನೆಗಾಗಿ ಇಟ್ಟುಕೊಂಡ ಅಂಕಿ.

ಹಾಗಾದರೆ ತೆವಳುವುದೇಕೆ? 25 ಟ್ರ್ಯಾಕ್ಟರುಗಳು ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಂದೇ ದಿಕ್ಕಿಗೆ ಹೊರಟರೆ ರಸ್ತೆಯ ಮೇಲೆ 800 ಮೀಟರಿಗೊಂದು ಸಿಗುತ್ತದೆ. ನಿಮ್ಮ ಕಾರಿನ ವೇಗ 60 ಆದರೆ, ಒಂದನ್ನು ದಾಟಿದ 72 ಸೆಕೆಂಡಿನಲ್ಲಿ ಮುಂದಿನದರ ಹಿಂಬದಿ ಕಾಣಿಸಿಕೊಳ್ಳುತ್ತದೆ. ದಾಟುವುದಕ್ಕೆ ಎದುರಿನ ಪಥವೇ ಬೇಕು. ಚತುಷ್ಪಥದಲ್ಲಿ ಈ ತೊಡಕಿಲ್ಲ. 60 ಕಿ.ಮೀ. ವೇಗಕ್ಕೆ ಐಆರ್‌ಸಿ ಹೇಳುವ ಓವರ್‌ಟೇಕ್ ನೋಟದ ದೂರ, ಅಂದರೆ ದಾಟಲು ಹೊರಟವರಿಗೆ ಮುಂದೆ ಕಾಣಬೇಕಾದ ರಸ್ತೆಯ ಉದ್ದ, 300 ಮೀಟರು, 80ಕ್ಕೆ 470. ಅಷ್ಟು ದೂರ ನೇರ ರಸ್ತೆ ಇದ್ದರೂ ಎದುರಿಂದ ಯಾರೂ ಬರಬಾರದು. ಹೇರಿದ ಕಬ್ಬು ಟ್ರೇಲರಿನ ಆಚೀಚೆ ಚಾಚಿಕೊಂಡಾಗ ಮುಂದಿನದು ಕಾಣುವುದೂ ಇಲ್ಲ. ಹೀಗೆ ಟ್ರ್ಯಾಕ್ಟರಿನ ಹಿಂದೆ ವಾಹನಗಳ ಬಾಲ ಬೆಳೆಯುತ್ತದೆ.

ಪಯಣದ ಗುಣಮಟ್ಟವನ್ನು ಅಳೆಯುವವರು ನೋಡುವುದು ಈ ಬಾಲವನ್ನೇ. ಅಮೆರಿಕದ ಹೆದ್ದಾರಿ ಸಾಮರ್ಥ್ಯ ಕೈಪಿಡಿಯ 2000ರ ಆವೃತ್ತಿ ಸರಾಸರಿ ವೇಗದ ಜೊತೆಗೆ, ಚಾಲಕ ತನ್ನ ಪಯಣದ ಎಷ್ಟು ಪಾಲನ್ನು ಇನ್ನೊಬ್ಬರ ಹಿಂದೆ ಸಿಕ್ಕಿಕೊಂಡು ಕಳೆಯುತ್ತಾನೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮುಖ್ಯ ಹೆದ್ದಾರಿಯಲ್ಲಿ ಆ ಪಾಲು ಶೇ 35 ದಾಟದಿದ್ದರೆ ಅತ್ಯುತ್ತಮ ಮಟ್ಟ, ಶೇ 80 ದಾಟಿದರೆ ಕೊನೆಯ ಮಟ್ಟಗಳ ಸಾಲು. ರಸ್ತೆಯಲ್ಲಿ ನಿಂತು ಅಳೆಯುವವರಿಗೆ ಸುಲಭದ ಉಪಾಯವೂ ಇದೆ: ಮುಂದಿನ ವಾಹನ ಹಾದು 3 ಸೆಕೆಂಡಿನೊಳಗೆ ಬಂದದ್ದನ್ನು ಹಿಂಬಾಲಕ ಎಂದು ಗುರುತು ಮಾಡುವುದು. ಈಚಿನ ಆವೃತ್ತಿ ಇದನ್ನು 2.5 ಸೆಕೆಂಡಿಗೆ ಇಳಿಸಿ, ಪ್ರತಿ ಮೈಲಿಗೆ ಎಷ್ಟು ಹಿಂಬಾಲಕರಿದ್ದಾರೆ ಎಂಬುದನ್ನೇ ಅಳತೆ ಮಾಡಿಕೊಂಡಿದೆ. ಆ ಮಿತಿಗಳು ಅಲ್ಲಿಯ ಸಂಚಾರಕ್ಕೆ ಕಟ್ಟಿದವು, ನಮ್ಮ ಟ್ರ್ಯಾಕ್ಟರು, ಬೈಕುಗಳ ನಡುವೆ ಹಾಗೆಹಾಗೆಯೇ ಕೂರುವುದಿಲ್ಲ. ವಿಧಾನ ಮಾತ್ರ ಉಪಯುಕ್ತ. ಮುಂದಿನ ಬಾರಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅದೇ ಚಹಾದಂಗಡಿಯ ಮುಂದೆ ಹಿಂಬಾಲಕರನ್ನು ಎಣಿಸಿರಿ.

ಚತುಷ್ಪಥದ ಬೇಡಿಕೆಯನ್ನು ನಾನಂತೂ ಬದಿಗಿಡುವೆ. ರಸ್ತೆಯ ಎರಡೂ ಅಂಚಿಗೆ ಕನಿಷ್ಠ ಒಂದೂವರೆ ಮೀಟರು ಡಾಂಬರು ಹಾಕಿದರೆ ಸಾಮರ್ಥ್ಯವನ್ನು ಶೇ 15ರಷ್ಟು ಹೆಚ್ಚು ಹಿಡಿಯಬಹುದೆಂದು ಐಆರ್‌ಸಿ 64 ಹೇಳುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ ತುಂಬಿದ ಟ್ರ್ಯಾಕ್ಟರಿಗೆ ಪಕ್ಕಕ್ಕೆ ಸರಿದು ದಾರಿ ಬಿಡಲು ಗಟ್ಟಿ ನೆಲ ಸಿಗುತ್ತದೆ. ಅಲ್ಲಲ್ಲಿ ಓವರ್‌ಟೇಕ್‌ಗೆಂದೇ ಮೂರನೆಯ ಪಥ, ತೂಕಕ್ಕೆ ಕಾಯುವ ಟ್ರ್ಯಾಕ್ಟರುಗಳ ಸಾಲು ಹೆದ್ದಾರಿಯಲ್ಲಿ ನಿಲ್ಲದಂತೆ ಕಾರ್ಖಾನೆಯ ಒಳಗೇ ಅಂಗಳ, ಇವೆರಡೂ ಚತುಷ್ಪಥಕ್ಕಿಂತ ಬಹಳ ಅಗ್ಗ.

ಕಚೇರಿಗೆ ಮತ್ತೆ ಬರೆಯುವುದಾದರೆ, ಅವರ ಎಣಿಕೆ ಯಾವ ತಿಂಗಳಿನದೆಂದು ಕೇಳಿರಿ. ವರ್ಷಕ್ಕೆ ಎರಡು ಸಲವಾದರೂ, ಒಂದು ಸುಗ್ಗಿಯ ದಟ್ಟಣೆಯಲ್ಲಿ ಮತ್ತೊಂದು ಬಿಡುವಿನ ಕಾಲದಲ್ಲಿ, ಸತತ ಏಳು ದಿನ ಹಗಲು ರಾತ್ರಿ ಎಣಿಸಬೇಕೆಂದು 1972ರ ಐಆರ್‌ಸಿ 9 ಎಂಬ ಕೈಪಿಡಿ ಹೇಳುತ್ತದೆ. ಜುಲೈ ತಿಂಗಳ ಎಣಿಕೆಯಲ್ಲಿ ನಿಮ್ಮ ಆ 40 ಟ್ರ್ಯಾಕ್ಟರುಗಳು ಇರುವುದೇ ಇಲ್ಲ.